ಸಕ್ಕರೆ ಇನ್ಸ್‌ಪೆಕ್ಟರ್, ಬ್ಯಾಟರಿ ಸೈಕಲ್ಲು ಮತ್ತು ನಾನು

ನಮ್ಮೂರಿನ ಟ್ರಾಫಿಕ್ಕು ಇಷ್ಟು ವರ್ಷ ಸರಿಹೋಗದೆ ಇದ್ದುದಕ್ಕೆ ಒಂದೇ ಒಂದು ಕಾರಣ: ಅದರಲ್ಲಿ ನಾನು ಇರಲಿಲ್ಲ! ನಾನೇನಿದ್ದರೂ ಬಸ್ಸಿನ ಕಿಟಕಿ ಪಕ್ಕ ಕೂತು, ಕೆಂಪು ದೀಪ ಹಾರಿಸಿಕೊಂಡು ಹೋಗುವವರನ್ನೂ ಫುಟ್‌ಪಾತಿನ ಮೇಲೆ ಗಾಡಿ ಹತ್ತಿಸುವವರನ್ನೂ ನೋಡಿ ಹಲ್ಲು ಕಡಿಯುವ ಪೈಕಿ. ನನ್ನ ಉದ್ಯೋಗವೂ ಅದಕ್ಕೆ ತಕ್ಕದ್ದೇ. ವಿಮಾ ಕಚೇರಿಯಲ್ಲಿ ವಾಹನ ಅಪಘಾತದ ವಿಭಾಗ. ನಿಲ್ಲಿಸಿದ ಗಾಡಿಯ ಮೇಲಿಂದ ಬಿದ್ದವರು, ತಮ್ಮ ಮನೆಯ ಗೇಟಿಗೇ ಗುದ್ದಿದವರು, ಹಿಂದೆ ಹೆಂಡತಿ ಕೂತಿದ್ದಾಳೆ ಅಂದುಕೊಂಡು ಅರ್ಧ ಊರು ಒಬ್ಬರೇ ಮಾತಾಡುತ್ತಾ ಹೋಗಿ ಕಂಬಕ್ಕೆ ಬಡಿದವರು, ಎಲ್ಲರ ಕತೆಯೂ ನನ್ನ ಮೇಜಿನ ಮೇಲೆ ಹಾದೇ ಹೋಗಬೇಕು. ಮನುಷ್ಯ ಎಷ್ಟು ಬಗೆಯಲ್ಲಿ ಬೀಳಬಲ್ಲ ಎಂಬ ವಿಷಯದಲ್ಲಿ ನನ್ನನ್ನು ಮೀರಿಸುವ ಪಂಡಿತ ಈ ಭೂಮಂಡಲದಲ್ಲಿ ಇನ್ನೊಬ್ಬನಿಲ್ಲ. ಹೀಗಿರುವಾಗ, ರಕ್ತದಲ್ಲಿ ಸಕ್ಕರೆ ಜಾಸ್ತಿಯಾಗಿದೆ, ಸ್ವಲ್ಪ ಮೈ ಬಗ್ಗಿಸಿ ಎಂದು ಡಾಕ್ಟರು ಗದರಿದ ದಿನ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ.

"ಬ್ಯಾಟರಿ ಸೈಕಲ್ ತಗೋತೀನಿ ಕಣೇ! ಕಾನೂನು ಅಂದ್ರೆ ಏನು, ಶಿಸ್ತು ಅಂದ್ರೆ ಏನು ಅಂತ ಈ ಊರಿಗೆ ತೋರಿಸಿಕೊಡ್ತೀನಿ!"

ನನ್ನವಳು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಡಾಕ್ಟರು ವ್ಯಾಯಾಮ ಹೇಳಿದ್ದು ಯಾರಿಗೆ ರೀ? ನಿಮಗಾ, ಬ್ಯಾಟರಿಗಾ?"

ಇವಳ ವಿಷಯ ಸ್ವಲ್ಪ ಹೇಳಬೇಕು. ಮನೆಯ ಅಡುಗೆಕೋಣೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. ಕೈ ಎಂಥದ್ದು ಅಂತೀರಿ! ಸಕ್ಕರೆ ಹಿಟ್ಟಿನಲ್ಲಿ ಮನುಷ್ಯರ ಗೊಂಬೆ ಮಾಡಿ ಕೇಕಿನ ನೆತ್ತಿಯ ಮೇಲೆ ನಿಲ್ಲಿಸಿದರೆ, ಮೂಲ ಮನುಷ್ಯನಿಗಿಂತ ಗೊಂಬೆಯೇ ಲಕ್ಷಣವಾಗಿರುತ್ತದೆ. ಬೀದಿಗೆ ಬಾಗಿಲಿರುವ ಒಂದು ಪುಟ್ಟ ಅಂಗಡಿ ಆಗಬೇಕು, ಅದರ ಗಾಜಿನ ಕಪಾಟಿನಲ್ಲಿ ತನ್ನ ಕೇಕುಗಳು ಕೂರಬೇಕು ಎನ್ನುವುದು ಅವಳ ಬಹಳ ದಿನದ ಆಸೆ. ಆದರೆ ಅಂಗಡಿ ಹಾಕುವುದಕ್ಕೆ ಖಾಯಂ ಗಿರಾಕಿ ಬೇಕಲ್ಲ. ಅಂಥವರು ಇನ್ನೂ ಸಿಕ್ಕಿರಲಿಲ್ಲ.

ಸೈಕಲ್ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಭಾರೀ ಮಾತುಗಾರ. ಪಾಪ, ನನ್ನ ಮುಂದೆ ಅವನ ಬಾಯಿ ನಡೆಯಲಿಲ್ಲ.

"ಸಣ್ಣ ಮೋಟಾರು ಸಾರ್. ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ. ಕಾನೂನಿನ ಲೆಕ್ಕದಲ್ಲಿ ಇದೂ ಸೈಕಲ್ಲೇ."

"ಮೋಟಾರು ಇಟ್ಕೊಂಡು ಅದು ಹೇಗಯ್ಯಾ ಸೈಕಲ್ಲು? ನನ್ನ ಮೇಜಿಗೆ ಬಂದು ನೋಡು, ಹೀಗೆ ಹೇಳಿಸಿಕೊಂಡು ಬಂದವರ ಫೈಲು ಎಷ್ಟಿದೆ ಅಂತ!"

"ಇಲ್ಲ ಸಾರ್, ನಿಜವಾಗ್ಲೂ. ನೋಡಿ, ಇಲ್ಲಿ ಹೆಬ್ಬೆರಳಲ್ಲಿ ಒತ್ತಿದ್ರೆ ಮೆಲ್ಲಗೆ ಹೋಗುತ್ತೆ. ಇನ್ನು ಪೆಡಲ್ ತುಳಿದ್ರೆ ಏನಾಗುತ್ತೆ ಅಂದ್ರೆ..."

"ಪೆಡಲ್ ತುಳಿಯೋದನ್ನ ನನಗೆ ಹೇಳಿಕೊಡ್ಬೇಡಪ್ಪ! ನೀನು ಹುಟ್ಟೋಕೆ ಮುಂಚೆ ತುಳಿದವನು ನಾನು. ಅದಿರಲಿ, ನಿನ್ನ ಅಂಗಡಿಗೆ ಬೆಂಕಿ ವಿಮೆ ಮಾಡಿಸಿದ್ದೀಯಾ?"

ಮಾಡಿಸಿರಲಿಲ್ಲ. ನಾನು ಸಿಕ್ಕಿದ್ದೇ ಅವಕಾಶವೆಂದು ಅಲ್ಲೇ ಕೂತಿದ್ದ ಅವನ ತಂದೆಗೆ ವಿಮೆಯ ಮಹಿಮೆ ವಿವರಿಸತೊಡಗಿದೆ. ಅಂಗಡಿಯವನು ಉಳಿದದ್ದನ್ನು ಇವಳಿಗೆ ಹೇಳಿದ. ಇವಳು ತಲೆ ಆಡಿಸುತ್ತಾ ಕೇಳಿಸಿಕೊಂಡಳು. ಸೈಕಲ್ಲು ಓಡಿಸುವವನು ನಾನು, ಇವಳು ಕೇಳಿ ಏನು ಮಾಡುತ್ತಾಳೆ ಎಂದು ನಗು ಬಂತು ನನಗೆ.

ಸುರಕ್ಷತೆಯಲ್ಲಿ ನಾನು ಒಂದು ಕೂದಲೆಳೆಯಷ್ಟೂ ರಾಜಿ ಮಾಡಿಕೊಳ್ಳಲಿಲ್ಲ. ತಲೆಗೆ ಹೆಲ್ಮೆಟ್ಟು, ಮಂಡಿಗೆ ಪ್ಯಾಡು, ಕತ್ತಲಲ್ಲಿ ಹೊಳೆಯುವ ಹಳದಿ ಜಾಕೆಟ್ಟು, ಹ್ಯಾಂಡಲ್ಲಿನ ಎರಡೂ ಕಡೆ ಕನ್ನಡಿ. ಹ್ಯಾಂಡಲ್ಲಿನ ಮೇಲೆ ಒಂದು ಪುಟ್ಟ ಗುಂಡಿಯಿತ್ತು. ಅದು ದೀಪದ ಬೆಳಕು ಹೆಚ್ಚಿಸುವ ಗುಂಡಿ ಎಂದು ನಾನೇ ತೀರ್ಮಾನಿಸಿ, ಸುರಕ್ಷತೆಯ ದೃಷ್ಟಿಯಿಂದ ಕೊನೆಯವರೆಗೂ ಒತ್ತಿ ಇಟ್ಟೆ. ಆಮೇಲೆ ನಮ್ಮ ಮನೆಯ ಹಿಂದಿನ ಗಲ್ಲಿಗಳಲ್ಲಿ ಹೆಬ್ಬೆರಳು ಒತ್ತಿಕೊಂಡು, ಎರಡೂ ಕಾಲನ್ನು ಪೆಡಲಿನ ಮೇಲೆ ಸುಮ್ಮನೆ ಇರಿಸಿಕೊಂಡು, ಮಹಾರಾಜನ ಸವಾರಿಯಂತೆ ತಿರುಗಾಡಿದೆ. ಆನಂದವೇ ಆನಂದ! ಮೈ ಬಗ್ಗಿಸುವ ಪ್ರಮೇಯವೇ ಬರಲಿಲ್ಲ.

ನನ್ನ ಆನಂದಕ್ಕೆ ಹುಳಿ ಹಿಂಡಿದವನು ಆಫೀಸಿನ ಪಕ್ಕದ ಮೇಜಿನವನು.

"ಏನ್ ಸಾರ್, ಬ್ಯಾಟರಿ ಸೈಕಲ್ಲಾ? ಹುಷಾರು! ಮೋಟಾರ್ ಕಂಡ್ರೆ ಹಿಡೀತಾರಂತೆ. ಎಲ್ಲೋ ಕೇಳಿದ ನೆನಪು."

ಎಲ್ಲೋ ಕೇಳಿದ ನೆನಪು! ಅಷ್ಟು ಸಾಕಾಯಿತು. ಅಂಗಡಿಯವನ ಮಾತು ಸುಳ್ಳು, ಇವನ ಮಾತೇ ಸತ್ಯ ಎಂದು ನನ್ನ ಅನುಭವೀ ಬುದ್ಧಿ ಹೇಳಿತು. ಠಾಣೆಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ಕೇಳಲು ಹೋದರೆ ಅಲ್ಲೇ ಹಿಡಿದುಬಿಟ್ಟರೆ? ಅದಕ್ಕೇ ಒಂದು ಉಪಾಯ ಹೂಡಿದೆ. ಪೊಲೀಸರು ಕಂಡ ತಕ್ಷಣ ಹೆಬ್ಬೆರಳು ತೆಗೆದು, ಪೆಡಲ್ ತುಳಿದು, ಏದುಸಿರು ಬಿಟ್ಟು, ಕಷ್ಟಪಡುತ್ತಿರುವ ಬಡಪಾಯಿ ಸೈಕಲ್ ಸವಾರನಂತೆ ನಟಿಸುವುದು! ಬೀರುವಿನ ಕನ್ನಡಿ ಮುಂದೆ ನಿಂತು ಏದುಸಿರು ಅಭ್ಯಾಸ ಮಾಡುತ್ತಿದ್ದಾಗ ಇವಳು ಬೆಣ್ಣೆ ಮೆತ್ತಿದ ಕೈಯಲ್ಲೇ ಓಡಿ ಬಂದಳು.

"ರೀ! ಏನಾಯ್ತು? ಎದೆ ನೋವಾ?"

"ಇಲ್ಲ ಕಣೇ. ಪ್ರಾಕ್ಟೀಸು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ತಲೆ ಆಡಿಸುತ್ತಾ ಒಳಗೆ ಹೋದಳು. ಆ ನೋಟದ ಅರ್ಥ ನನಗೆ ಆಗ ಆಗಲಿಲ್ಲ.

ಅಷ್ಟರಲ್ಲಿ ಬಂತು ನೋಡಿ, ಇವಳ ಬಾಳಿನ ದೊಡ್ಡ ಆರ್ಡರು! ಟ್ರಾಫಿಕ್ ಠಾಣೆಯ ಇನ್ಸ್‌ಪೆಕ್ಟರು ನಿವೃತ್ತರಾಗುತ್ತಿದ್ದರು. ಬೀಳ್ಕೊಡುಗೆಗೆ ಎರಡು ಅಂತಸ್ತಿನ ಕೇಕು, ಮೇಲೆ ಇನ್ಸ್‌ಪೆಕ್ಟರ ಗೊಂಬೆ. ಕೇಕು ಚೆನ್ನಾಗಿದ್ದರೆ ಠಾಣೆಯ ಸಿಬ್ಬಂದಿಯೆಲ್ಲರ ಹುಟ್ಟುಹಬ್ಬದ ಕೇಕೂ ಇನ್ನು ಮುಂದೆ ಇವಳದೇ ಎಂದು ಹೇಳಿ ಕಳಿಸಿದ್ದರು. ಅದೊಂದು ಸಿಕ್ಕಿದರೆ ಅಂಗಡಿಗೆ ಜಾಗ ಹಿಡಿಯಬಹುದು ಎಂದು ಇವಳು ನಿದ್ದೆಗೆಟ್ಟು ಕೂತಳು. ಗೊಂಬೆ ತಯಾರಾದಾಗ ನಾನೇ ಬೆಚ್ಚಿದೆ. ಖಾಕಿ ಟೋಪಿ, ದಪ್ಪ ಮೀಸೆ, ಬಲಗೈ ಎತ್ತಿ 'ನಿಲ್ಲು' ಎನ್ನುವ ಭಂಗಿ! ಗೇಣುದ್ದದ ಆಸಾಮಿಯ ಮುಂದೆ ನನಗೆ ಜೇಬಿನಲ್ಲಿ ಲೈಸೆನ್ಸು ಹುಡುಕುವ ಹಾಗಾಯಿತು.

ಬೀಳ್ಕೊಡುಗೆಯ ದಿನ ಸಂಜೆ ಕೇಕು ಒಯ್ಯಬೇಕಾದ ಟ್ಯಾಕ್ಸಿಯವನು ಕೈಕೊಟ್ಟ. ಇವಳು ಫೋನು ಹಿಡಿದು ಬಾಗಿಲಿಗೂ ಅಡುಗೆಕೋಣೆಗೂ ಓಡಾಡತೊಡಗಿದಳು. ನಾನು ಹೆಲ್ಮೆಟ್ಟು ಎತ್ತಿಕೊಂಡೆ.

"ನಾನಿರುವಾಗ ಟ್ಯಾಕ್ಸಿ ಯಾಕೆ?"

"ನೀವಿರೋದಕ್ಕೇ ಟ್ಯಾಕ್ಸಿ ಹೇಳಿದ್ದೆ."

"ಏನು ಮಾತು ಅಂತ ಆಡ್ತೀಯಾ? ಈ ಊರಲ್ಲಿ ನನಗಿಂತ ಹುಷಾರಾಗಿ ಓಡಿಸೋನು ಒಬ್ಬನನ್ನ ತೋರಿಸು!"

ಬೇರೆ ದಾರಿಯಿರಲಿಲ್ಲ. ಕ್ಯಾರಿಯರಿನ ಮೇಲೆ ಹಲಗೆ ಕಟ್ಟಿ, ಅದರ ಮೇಲೆ ಡಬ್ಬ ಇಟ್ಟು, ಇವಳೇ ಪಟ್ಟಿ ಬಿಗಿದಳು. ಗೊಂಬೆ ಎತ್ತರವಾಗಿದ್ದರಿಂದ ಡಬ್ಬದ ಮುಚ್ಚಳಕ್ಕೆ ತೂತು ಮಾಡಿದ್ದಳು. ಇನ್ಸ್‌ಪೆಕ್ಟರು ಸೊಂಟದಿಂದ ಮೇಲಕ್ಕೆ ಹೊರಗೆ ನಿಂತು, ನನ್ನ ಬೆನ್ನ ಹಿಂದೆ ಕೈ ಎತ್ತಿಕೊಂಡಿದ್ದರು.

"ಒಂದೇ ಮಾತು ಹೇಳ್ತೀನಿ, ಕಿವಿಗೆ ಹಾಕ್ಕೊಳ್ಳಿ. ಬ್ರೇಕು ಜೋರಾಗಿ ಹಿಡೀಬೇಡಿ. ಹಿಡಿದ್ರೆ ಮೇಲಿನ ಅಂತಸ್ತು ಜಾರಿ ನಿಮ್ಮ ಬೆನ್ನಿಗೆ ಬರುತ್ತೆ. ನನ್ನ ಅಂಗಡೀನೂ ಅದರ ಜೊತೆಗೆ ಹೋಗುತ್ತೆ."

"ಬ್ರೇಕು ಮುಟ್ಟಲ್ಲ. ಆಣೆ!"

ಅವಳು ನನ್ನ ಮುಖ ನೋಡಿ ಮತ್ತೆ ಫೋನು ಕಿವಿಗೆ ಹಿಡಿದಳು.

ಹೊರಟೆ. ಠಾಣೆಗಿಂತ ಒಂದು ತಿರುವು ಹಿಂದೆಯೇ ಸೈಕಲ್ಲನ್ನು ಗೋಡೆ ಮರೆಗೆ ಬಚ್ಚಿಟ್ಟು, ಕೇಕನ್ನು ಕೈಯಲ್ಲಿ ಹೊತ್ತು, ನಡೆದು ಬಂದವನಂತೆ ಒಳಗೆ ಹೋಗುವುದು ನನ್ನ ಯೋಜನೆ. ಗಲ್ಲಿಗಳಲ್ಲಿ ಸವಾರಿ ಬೆಣ್ಣೆಯಂತೆ ಸಾಗಿತು. ದೊಡ್ಡ ರಸ್ತೆಗೆ ಬಂದು ನಾಲ್ಕು ರಸ್ತೆ ಕೂಡುವ ಕಡೆ ನೋಡುತ್ತೇನೆ, ಎದುರಿಗೆ ಕೆಂಪು ದೀಪ, ದೀಪದ ಕೆಳಗೆ ಬಾಯಲ್ಲಿ ಸೀಟಿ ಕಚ್ಚಿಕೊಂಡು ನಿಂತ ಮಹಿಳಾ ಪೇದೆ! ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಸೀಟಿ ಮೇಡಂ ಎಂದಿಟ್ಟುಕೊಳ್ಳೋಣ.

ತಕ್ಷಣ ನಾಟಕ ಶುರು ಮಾಡಿದೆ. ಹೆಬ್ಬೆರಳು ತೆಗೆದೆ. ಬಾಯಿ ತೆರೆದು ಏದುಸಿರು ಬಿಟ್ಟೆ. ಪೆಡಲು ತುಳಿದೆ.

ಸೈಕಲ್ಲು ಹಾರಿತು!

ಅಂಗಡಿಯವನು ಹೇಳಲು ಹೊರಟಿದ್ದದ್ದು ಇದೇ. ಪೆಡಲ್ ತುಳಿದರೆ, ಪಾಪ ಈ ಮನುಷ್ಯ ಕಷ್ಟಪಡುತ್ತಿದ್ದಾನೆ ಎಂದು ಮೋಟಾರು ತಿಳಿದುಕೊಂಡು ತನ್ನ ಬಲವನ್ನೂ ಸೇರಿಸುತ್ತದೆ. ಎಷ್ಟು ಬಲ ಸೇರಿಸಬೇಕು ಎಂದು ಹೇಳುವುದಕ್ಕೆ ಒಂದು ಗುಂಡಿ ಇರುತ್ತದೆ. ನಾನು ದೀಪದ್ದೆಂದು ಕೊನೆಯವರೆಗೂ ಒತ್ತಿದ್ದೆನಲ್ಲ, ಅದೇ ಗುಂಡಿ! ಇದೆಲ್ಲ ಆಮೇಲೆ ಗೊತ್ತಾದದ್ದು. ಆಗ ನನಗೆ ಗೊತ್ತಿದ್ದುದು ಇಷ್ಟೇ: ಕೆಂಪು ದೀಪ ನನ್ನ ತಲೆಯ ಮೇಲಿಂದ ಹಿಂದಕ್ಕೆ ಹೋಯಿತು, ಎರಡೂ ಕಡೆಯ ಗಾಡಿಗಳು ಕಿರುಚಿಕೊಂಡು ನಿಂತವು, ಸೀಟಿ ಮೊಳಗಿತು.

ಬ್ರೇಕು ಹಿಡಿಯಬಹುದಿತ್ತಲ್ಲ ಅಂತೀರಾ? ಬ್ರೇಕು ಹಿಡಿದರೆ ಇವಳ ಅಂಗಡಿ ನನ್ನ ಬೆನ್ನಿಗೆ! ತುಳಿಯುವುದನ್ನು ನಿಲ್ಲಿಸಬಹುದಿತ್ತಲ್ಲ ಅಂತೀರಾ? ನಿಲ್ಲಿಸಿದರೆ ಮೋಟಾರು ಇರುವುದು ಬಯಲಾಗುತ್ತದಲ್ಲ! ಅದಕ್ಕೇ ನಾನು ನಿರ್ದೋಷಿ ಎಂದು ತೋರಿಸಲು ಇನ್ನೂ ಜೋರಾಗಿ ತುಳಿದೆ. ಸೈಕಲ್ಲು ಇನ್ನೂ ಜೋರಾಗಿ ಓಡಿತು. ಜೋರಾಗಿ ಓಡಿದ್ದಕ್ಕೆ ಹೆದರಿ ಮತ್ತೂ ಜೋರಾಗಿ ತುಳಿದೆ. ಈಗ ಏದುಸಿರು ನಾಟಕದ್ದಾಗಿರಲಿಲ್ಲ.

"ಹೇ! ನಿಲ್ಲಿಸ್ರೀ! ಹಳದಿ ಜಾಕೆಟ್, ನಿಲ್ಲಿಸಿ!"

ಕನ್ನಡಿಯಲ್ಲಿ ನೋಡಿದೆ. ಒಬ್ಬರಲ್ಲ, ಇಬ್ಬರು ಪೊಲೀಸರು ಕೈ ಎತ್ತಿದ್ದರು! ದೂರದಲ್ಲಿ ಸೀಟಿ ಮೇಡಂ. ಹತ್ತಿರದಲ್ಲಿ, ನನ್ನ ಹೆಗಲಿಗೆ ಅಂಟಿಕೊಂಡೇ, ಮೀಸೆಯ ಇನ್ಸ್‌ಪೆಕ್ಟರು! ಅದು ಸಕ್ಕರೆ ಗೊಂಬೆ ಎಂಬುದು ಆ ಗಾಬರಿಯಲ್ಲಿ ಎಲ್ಲಿ ಹೊಳೆಯಬೇಕು? ಏಕಮುಖ ರಸ್ತೆಗೆ ನುಗ್ಗಿದೆ, ಅದೂ ಎದುರು ದಿಕ್ಕಿನಿಂದ. ಒಬ್ಬ ಲಾರಿಯವನು ಕಿಟಕಿಯಿಂದ ತಲೆ ಹಾಕಿ ನನ್ನ ವಂಶದ ಬಗ್ಗೆ ಎರಡು ಮಾತಾಡಿದ. ಅವನಿಗೆ ದಾರಿ ಬಿಡಲು ಫುಟ್‌ಪಾತು ಹತ್ತಿದೆ. ಅಲ್ಲಿ ತರಕಾರಿ ಚೀಲ ಹಿಡಿದು ಬರುತ್ತಿದ್ದ ಅಜ್ಜಿಯೊಬ್ಬರು ಗೋಡೆಗೆ ಒರಗಿ ನಿಂತು, "ಹೆಲ್ಮೆಟ್ ಬೇರೆ ಹಾಕ್ಕೊಂಡಿದ್ದಾನೆ, ಮುಖ ಮುಚ್ಕೊಳ್ಳೋಕೆ!" ಎಂದು ಶಾಪ ಹಾಕಿದರು. ಜೀವಮಾನವೆಲ್ಲ ಯಾರನ್ನು ಕಂಡರೆ ಹಲ್ಲು ಕಡಿಯುತ್ತಿದ್ದೆನೋ ಅವರೆಲ್ಲರ ಕೆಲಸವನ್ನೂ ಒಂದೇ ಸಂಜೆ ನಾನೊಬ್ಬನೇ ಮಾಡಿ ಮುಗಿಸಿದೆ!

ಮುಂದೆ ಒಂದು ರಸ್ತೆ ಉಬ್ಬು. ಸೈಕಲ್ಲು ಎಗರಿತು, ನಾನು ಎಗರಿದೆ, ಡಬ್ಬವೂ ಎಗರಿತು. ದೇವರೇ ಎಂದು ಕನ್ನಡಿಯಲ್ಲಿ ನೋಡಿದರೆ ಡಬ್ಬ ಪಟ್ಟಿಯಲ್ಲಿ ಭದ್ರವಾಗಿ ಕೂತಿತ್ತು. ಅದಕ್ಕಿಂತ ಸಂತೋಷದ ವಿಷಯವೆಂದರೆ, ಬೆನ್ನಟ್ಟುತ್ತಿದ್ದ ಮೀಸೆಯ ಪೊಲೀಸು ಕಾಣೆಯಾಗಿದ್ದ. ಒಬ್ಬ ಹಿಂದೆ ಬಿದ್ದ, ಇನ್ನು ಒಬ್ಬರೇ ಎಂದು ನನ್ನ ಧೈರ್ಯ ಇಮ್ಮಡಿಸಿತು.

ಆದರೆ ಆ ಒಬ್ಬರು ಬಿಡುವಂತೆ ಕಾಣಲಿಲ್ಲ. ಸೀಟಿ ಮೇಡಂ ಕೂಡ ಒಂದು ಸೈಕಲ್ಲು ಹತ್ತಿ ಸರಾಗವಾಗಿ ಹಿಂದೆ ಬರುತ್ತಿದ್ದರು. ಬಚ್ಚಿಡುವ ಗೋಡೆ ಬಂತು, ಹೋಯಿತು. ಠಾಣೆಯ ಗೇಟು ಬಾಯಿ ತೆರೆದು ನಿಂತಿತ್ತು. ಎಲ್ಲ ಅಪರಾಧಿಗಳೂ ಪೊಲೀಸರಿಂದ ತಪ್ಪಿಸಿಕೊಂಡು ಬೇರೆಲ್ಲಿಗೋ ಓಡುತ್ತಾರೆ. ಪೊಲೀಸರಿಂದ ತಪ್ಪಿಸಿಕೊಂಡು ನೆಟ್ಟಗೆ ಠಾಣೆಯೊಳಕ್ಕೇ ಓಡಿದ ಕೀರ್ತಿ ನನ್ನದು!

ಅಂಗಳದಲ್ಲಿ ಸಿಬ್ಬಂದಿಯೆಲ್ಲ ಬೀಳ್ಕೊಡುಗೆಗೆ ಸಾಲಾಗಿ ನಿಂತಿದ್ದರು. ನಾನು ಅವರ ಸುತ್ತ ಒಂದು ಸುತ್ತು ಬಂದೆ. ಬ್ರೇಕು ಹಿಡಿಯುವಂತಿಲ್ಲವಲ್ಲ, ಇನ್ನೊಂದು ಸುತ್ತು ಬಂದೆ. ಸಾಲು ಚದುರಿತು. ಆಗ ಮಧ್ಯದಲ್ಲಿದ್ದ ದಪ್ಪ ಮೀಸೆಯವರು ಮುಂದೆ ಬಂದು, ಬಲಗೈ ಎತ್ತಿ ಗುಡುಗಿದರು.

"ನಿಲ್ಲಿಸ್ರೀ!"

ಅದೇ ಮೀಸೆ, ಅದೇ ಕೈ! ಹಿಂದೆ ಬಿದ್ದವನು ಇಷ್ಟು ಬೇಗ ಮುಂದೆ ಹೇಗೆ ಬಂದ? ಭಯಕ್ಕೆ ನನ್ನ ಕಾಲು ಮರಗಟ್ಟಿತು. ಕಾಲು ನಿಂತಿತೋ ಇಲ್ಲವೋ, ಮೋಟಾರೂ ನಿಂತಿತು. ಸೈಕಲ್ಲು ಸಾಧು ಹಸುವಿನ ಹಾಗೆ ಮೆಲ್ಲಗೆ ಹೋಗಿ ಅವರ ಬೂಟಿನ ಮುಂದೆ ನಿಂತುಕೊಂಡಿತು. ಬ್ರೇಕೂ ಬೇಕಾಗಿರಲಿಲ್ಲ, ಏನೂ ಬೇಕಾಗಿರಲಿಲ್ಲ. ತುಳಿಯದೆ ಸುಮ್ಮನಿದ್ದಿದ್ದರೆ ಸಾಕಿತ್ತು!

"ಕೇ... ಕೇಕು ಸಾರ್," ಎಂದೆ.

ಡಬ್ಬ ಇಳಿಸಿ ಮುಚ್ಚಳ ತೆಗೆದರು. ನಾನು ಕಣ್ಣು ಮುಚ್ಚಿಕೊಂಡೆ. "ಆಹಾ!" ಎಂದರು ಯಾರೋ. ಕಣ್ಣು ತೆರೆದೆ. ಎರಡೂ ಅಂತಸ್ತು ಕದಲದೆ ನಿಂತಿದ್ದವು. ಕಣ್ಣಲ್ಲಿ ನೀರು ಬಂತು ನನಗೆ, ನಿಜವಾಗಿ ಹೇಳುತ್ತೇನೆ. ಇವಳ ಅಂಗಡಿ ಉಳಿಯಿತು ಎಂದುಕೊಳ್ಳುವಷ್ಟರಲ್ಲಿ ಇನ್ಸ್‌ಪೆಕ್ಟರು ಕೇಕಿನ ನೆತ್ತಿಯ ಮೇಲಿದ್ದ ತೂತನ್ನು ದಿಟ್ಟಿಸಿ ನೋಡಿದರು.

"ಇದರ ಮೇಲೆ ನಾನಿರ್ತೀನಿ ಅಂದಿದ್ರಲ್ರೀ. ಎಲ್ಲಿ ನಾನು?"

"ಇಲ್ಲಿದ್ದೀರಿ ಸಾರ್!"

ಸೀಟಿ ಮೇಡಂ ಸೈಕಲ್ಲಿನಿಂದ ಇಳಿದು ಬಂದು, ಸೆಲ್ಯೂಟು ಹೊಡೆದು, ಕರವಸ್ತ್ರ ಬಿಚ್ಚಿದರು. ಒಳಗೆ ಇನ್ಸ್‌ಪೆಕ್ಟರು ಮಲಗಿದ್ದರು. ಟೋಪಿ ನೆಗ್ಗಿಹೋಗಿತ್ತು. ಅರ್ಧ ಮೀಸೆ ಇರಲಿಲ್ಲ. ಎತ್ತಿದ ಕೈ ಬೇರೆಯಾಗಿ ಪಕ್ಕದಲ್ಲಿತ್ತು.

"ರಸ್ತೆ ಉಬ್ಬಿನ ಹತ್ತಿರ ಇವರು ತಮ್ಮನ್ನ ಬೀಳಿಸಿಬಿಟ್ಟು ಹೋದ್ರು ಸಾರ್. ಹಿಂದೆ ಬರ್ತಿದ್ದ ವ್ಯಾನು ತಮ್ಮ ಮೇಲೆ ಹತ್ತೋದ್ರೊಳಗೆ ನಾನು ಎತ್ತಿಕೊಂಡೆ."

ಇನ್ಸ್‌ಪೆಕ್ಟರು ತಮ್ಮ ಮುರಿದ ಕೈಯನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದರು.

"ಇಡೀ ಸರ್ವೀಸಲ್ಲಿ ಒಬ್ಬ ಕೇಡಿಯೂ ನನ್ನ ಮೇಲೆ ಕೈ ಮಾಡಿರಲಿಲ್ಲ. ಅಲ್ರೀ, ಸೀಟಿ ಊದಿದ್ರೂ ಯಾಕೆ ಓಡಿದ್ರಿ?"

ನಾನು ಹೆಲ್ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದೆ. ತಪ್ಪೊಪ್ಪಿಕೊಂಡೆ.

"ಇದರಲ್ಲಿ ಮೋಟಾರಿದೆ ಸಾರ್. ಹಿಡೀತೀರಾ ಅಂತ, ಮೋಟಾರಿಲ್ಲದ ಹಾಗೆ ತುಳಿದೆ."

"ಅದಕ್ಯಾಕ್ರೀ ಹಿಡೀತೀವಿ? ಇಷ್ಟು ಸಣ್ಣ ಮೋಟಾರಿನ ಸೈಕಲ್ಲಿಗೆ ಯಾವ ತಕರಾರೂ ಇಲ್ಲ. ನೋಡಿ, ನಮ್ಮ ಮೇಡಮ್ಮದೂ ಅದೇ!"

ನೋಡಿದೆ. ಸೀಟಿ ಮೇಡಂ ನಿಲ್ಲಿಸಿದ್ದ ಸೈಕಲ್ಲು ನನ್ನದರ ಅವಳಿಯಂತಿತ್ತು. ಬಣ್ಣ ಮಾತ್ರ ಬೇರೆ.

"ನೀವು ನೆಟ್ಟಗೆ ಬಂದು ಸಿಗ್ನಲ್ಲಲ್ಲಿ ನಿಂತಿದ್ರೆ ನಾನು ನಿಮ್ಮನ್ನ ತಿರುಗಿಯೂ ನೋಡ್ತಿರಲಿಲ್ಲ ಸಾರ್," ಎಂದರು ಅವರು. "ಕೆಂಪು ದೀಪ, ಏಕಮುಖ ರಸ್ತೆ, ಫುಟ್‌ಪಾತು, ಎಲ್ಲಾ ಆಮೇಲೆ ಸೇರಿಸಿಕೊಂಡ್ರಿ."

ಅಂದರೆ ಮನೆಯಿಂದ ಹೊರಟಾಗ ನಾನು ಅಪ್ಪಟ ಕಾನೂನುಬದ್ಧ ಪ್ರಜೆ. ಕಾನೂನು ಮುರಿದದ್ದೆಲ್ಲ ಕಾನೂನಿಗೆ ಹೆದರಿ! ಇಂಥ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ ನಗುತ್ತಾ ತಿರಸ್ಕರಿಸುತ್ತಿದ್ದೆ.

ಆದರೆ ಆಗ ನನಗೆ ನಗು ಬರಲಿಲ್ಲ. ಇನ್ಸ್‌ಪೆಕ್ಟರಿಲ್ಲದ ಇನ್ಸ್‌ಪೆಕ್ಟರ ಕೇಕು ಮೇಜಿನ ಮೇಲಿತ್ತು. ಇವಳು ಕೂತು ತಿದ್ದಿದ ಆ ಮೀಸೆ, ಆ ಕೈ ಕರವಸ್ತ್ರದಲ್ಲಿ ಮುರಿದು ಬಿದ್ದಿದ್ದವು. ಇನ್ನು ಇವಳ ಮುಖ ಹೇಗೆ ನೋಡಲಿ?

ಅಷ್ಟರಲ್ಲಿ ಗೇಟಿನ ಹತ್ತಿರ ಟ್ಯಾಕ್ಸಿ ನಿಂತ ಸದ್ದು. ಇವಳೇ! ಎದೆಗೆ ಒಂದು ಪುಟ್ಟ ಡಬ್ಬ ಅವಚಿಕೊಂಡು ಬಂದಳು. ಮೊದಲು ಕೇಕು ನೋಡಿದಳು, ಆಮೇಲೆ ಕರವಸ್ತ್ರ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ತುಳಿದ್ರಾ?" ಎಂದಳು.

"ನಿನಗೆ ಹೇಗೆ ಗೊತ್ತು?"

"ಅಂಗಡಿಯವನು ಹೇಳಿದ್ನಲ್ಲ, ತುಳಿದಷ್ಟೂ ಓಡುತ್ತೆ ಅಂತ. ನೀವು ಆಗ ಅವರಪ್ಪನಿಗೆ ಬೆಂಕಿ ಹಚ್ಚೋ ಕತೆ ಹೇಳ್ತಿದ್ರಿ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಹೇಳೋಕೆ ಬಂದಾಗೆಲ್ಲ ನೀವು ನನಗೆ ಟ್ರಾಫಿಕ್ ರೂಲ್ಸ್ ಹೇಳ್ತಿದ್ರಿ."

ಹೀಗೆಂದವಳೇ ಪುಟ್ಟ ಡಬ್ಬ ತೆರೆದಳು. ಒಳಗೆ ಖಾಕಿ ಟೋಪಿ, ದಪ್ಪ ಮೀಸೆ, ಎತ್ತಿದ ಬಲಗೈ! ಒಂದು ಗೀರೂ ಬೀಳದ ಇನ್ನೊಬ್ಬ ಇನ್ಸ್‌ಪೆಕ್ಟರು! ಇವಳು ಅವರನ್ನು ನಾಜೂಕಾಗಿ ಎತ್ತಿ ಕೇಕಿನ ನೆತ್ತಿಯ ಮೇಲೆ ನಿಲ್ಲಿಸಿದಳು. ಅಂಗಳದಲ್ಲಿ ಚಪ್ಪಾಳೆಯೋ ಚಪ್ಪಾಳೆ.

"ಎರಡು ಯಾವಾಗ ಮಾಡಿದೆ?" ಎಂದು ಪಿಸುಗುಟ್ಟಿದೆ.

"ನೀವು ಕನ್ನಡಿ ಮುಂದೆ ಉಸಿರು ಬಿಡೋದು ನೋಡಿದ್ನಲ್ಲ, ಆವಾಗ್ಲೇ ತೀರ್ಮಾನ ಮಾಡಿಬಿಟ್ಟೆ, ಇನ್ಮೇಲೆ ಯಾವ ಗೊಂಬೆ ಮಾಡಿದ್ರೂ ಎರಡು ಅಂತ. ಗೊಂಬೆಗೆ ಸ್ಪೇರ್ ಮಾಡ್ಕೊಳ್ಳಬಹುದು. ಗಂಡನಿಗೆ ಮಾಡ್ಕೊಳ್ಳೋಕೆ ಬರಲ್ವಲ್ಲ, ಏನು ಮಾಡೋದು!"

ಇದನ್ನು ಅವಳು ಪಿಸುಗುಟ್ಟಲಿಲ್ಲ. ಠಾಣೆಗೆ ಠಾಣೆಯೇ ಬಿದ್ದು ಬಿದ್ದು ನಕ್ಕಿತು. ಇನ್ಸ್‌ಪೆಕ್ಟರು ಕೇಕಿನ ಮೊದಲ ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ ಚಪ್ಪರಿಸಿ, ಎಲ್ಲರ ಹುಟ್ಟುಹಬ್ಬದ ಕೇಕೂ ಈಯಮ್ಮನದೇ ಎಂದು ಘೋಷಿಸಿದರು. ಎರಡನೆಯ ತುಂಡು ಬಾಯಲ್ಲಿರುವಾಗಲೇ ನನಗೆ ದಂಡದ ಚೀಟಿ ಹರಿದುಕೊಟ್ಟರು.

"ನನ್ನ ಸರ್ವೀಸಿನ ಕೊನೇ ಕೇಸು ನೀವೇ. ಜೋಪಾನವಾಗಿ ಇಟ್ಕೊಳ್ಳಿ," ಎಂದು ಕೈಕುಲುಕಿದರು.

ಈಗ ಇವಳಿಗೆ ಬೀದಿಗೆ ಬಾಗಿಲಿರುವ ಪುಟ್ಟ ಅಂಗಡಿಯಿದೆ. ಬ್ಯಾಟರಿ ಸೈಕಲ್ಲನ್ನು ಅವಳೇ ಓಡಿಸುತ್ತಾಳೆ. ಗುಂಡಿಯನ್ನು ಕೆಳಗಿನ ಗುರುತಿಗೆ ಇಳಿಸಿ, ಕೆಂಪು ದೀಪಕ್ಕೆ ನಿಂತು, ಹಸಿರಿಗೆ ಹೊರಟು, ಒಂದು ಕೇಕೂ ಅಲ್ಲಾಡದಂತೆ ಠಾಣೆ ಮುಟ್ಟಿಸುತ್ತಾಳೆ. ಯಾವುದಕ್ಕೂ ಇರಲಿ ಎಂದು ಪ್ರತಿ ಗೊಂಬೆಗೂ ಒಂದು ಸ್ಪೇರ್ ಮಾಡುವುದನ್ನು ಮಾತ್ರ ಬಿಟ್ಟಿಲ್ಲ. ಆ ಸ್ಪೇರನ್ನು ಚೀಲದಲ್ಲಿಟ್ಟುಕೊಂಡು ಅವಳ ಹಿಂದೆ ನಡೆದು ಬರುವ ಜವಾಬ್ದಾರಿ ನನ್ನದು. ರಕ್ತದ ಸಕ್ಕರೆ ಹೇಗೆ ಇಳಿಯಿತು ಎಂದು ಡಾಕ್ಟರು ಕೇಳಿದಾಗ, ಬ್ಯಾಟರಿ ಸೈಕಲ್ ತಗೊಂಡೆ ಎಂದು ನಾನು ಎದೆಯುಬ್ಬಿಸಿಯೇ ಹೇಳಿದೆ.

ಮೊನ್ನೆಯೂ ಹಾಗೇ ಹೊರಟಿದ್ದೆವು. ನಾಲ್ಕು ರಸ್ತೆ ಕೂಡುವಲ್ಲಿ ಇವಳ ಸೈಕಲ್ಲು ಹಸಿರು ದೀಪದಲ್ಲಿ ಸಲೀಸಾಗಿ ದಾಟಿಹೋಯಿತು. ನಾನು ಬೆವರು ಒರೆಸಿಕೊಳ್ಳುತ್ತಾ ಬಿಳಿ ಪಟ್ಟೆಯ ಹತ್ತಿರ ಬಂದು ನಿಂತೆ. ಸೀಟಿ ಮೇಡಂ ನನ್ನನ್ನು ಕಂಡು ಸೀಟಿ ಊದಿ, ಎರಡೂ ಕೈ ಚಾಚಿ, ನಾಲ್ಕೂ ಕಡೆಯ ಗಾಡಿಗಳನ್ನು ನಿಲ್ಲಿಸಿದರು.

"ದಾರಿ ಬಿಡ್ರಪ್ಪಾ, ಸ್ಪೇರ್ ಬಂತು!"

ಗೊಂಬೆ ಚೀಲದೊಳಗಿತ್ತು. ಹೊರಗೆ ಕಾಣುತ್ತಿದ್ದವನು ನಾನೊಬ್ಬನೇ.